ಸೂತಕದ ಆರನೆಯ ದಿನ

ಯುಗಾದಿ ಕಳೆದು ವಾರವಾಗುವಷ್ಟರಲ್ಲಿ ವೆಂಕಣ್ಣನವರ ಊಟದ ಎಲೆ ಅಡುಗೆಮನೆಯಿಂದ ಪಡಸಾಲೆಗೆ ಬಂತು, ಪಡಸಾಲೆಯಿಂದ ಕಟ್ಟೆಯ ಪಕ್ಕದ ಹೊರಗಿನ ಕೋಣೆಗೆ ಹೋಯಿತು. ಸೊಸೆ ಶರ್ವರಿ ಆ ಕೋಣೆಯ ಹೊಸ್ತಿಲ ಹೊರಗೆ ಎಲೆ ಹಾಸಿ, ಅನ್ನ, ತೊವ್ವೆ, ಇದ್ದರೆ ಒಂದು ಪಲ್ಯ ಬಡಿಸಿ ಹಿಂದಕ್ಕೆ ಸರಿಯಬೇಕು. ಆಮೇಲೆ ಮಾವ ಬಾಗಿಲು ತೆರೆದು ಎಲೆಯನ್ನು ಒಳಗೆ ಎಳೆದುಕೊಳ್ಳಬೇಕು. ಈ ಏರ್ಪಾಡು ಮಾಡಿದವರು ವೆಂಕಣ್ಣನವರೇ. ಧೋತರ ತಾವೇ ಒಗೆದುಕೊಳ್ಳುತ್ತಿದ್ದರು. ಸ್ನಾನ ಹಿತ್ತಲ ಬಾವಿಕಟ್ಟೆಯಲ್ಲಿ.

ವೆಂಕಣ್ಣನವರಿಗೆ ಅರವತ್ತಾರು ವರ್ಷ. ಸವದತ್ತಿಯಲ್ಲಿ, ಹೂಲಿಯಲ್ಲಿ, ಸುತ್ತಲಿನ ನಾಲ್ಕಾರು ಊರುಗಳಲ್ಲಿ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಮಾಡಿಸಿಕೊಂಡು ಬಂದ ಪುರೋಹಿತರು. ಸತ್ತವರ ಕರ್ಮ ಮಾಡಿಸುವವರು ಬೇರೆ. ಅತ್ತ ಹೋದವರನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಊರಲ್ಲಿ ಆ ಕೆಲಸದವರು ಒಬ್ಬರೇ ಇದ್ದರು. ಕರೋನಾ ಎರಡನೇ ಸಲ ಬಂದಾಗ ಅವರು ಮನೆಗೆ ಕೀಲಿ ಹಾಕಿ ಮಗಳ ಊರಿಗೆ ಹೋಗಿಬಿಟ್ಟರು. ಅದರ ಮರುದಿನವೇ ಪೋಸ್ಟ್ ಆಫೀಸಿನಿಂದ ನಿವೃತ್ತರಾಗಿದ್ದ ಮುದುಕರೊಬ್ಬರ ಹೆಂಡತಿ ತೀರಿಕೊಂಡಳು. ಮುದುಕರು ಫೋನಿನಲ್ಲಿ ಅತ್ತರು. ವೆಂಕಣ್ಣನವರು ಸಂಧ್ಯಾವಂದನೆ ಮುಗಿಸಿ, ದರ್ಭೆ, ಎಳ್ಳು ಕಟ್ಟಿಕೊಂಡು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಎಂದು ಮಗ ಭಾರ್ಗವ ಕೇಳಿದ.

"ಸುಡುಗಾಡಿಗೆ."

"ಅಪ್ಪಾ, ತಲಿ ನೆಟ್ಟಗ ಅದನೋ ಇಲ್ಲೋ ನಿಮಗ? ಇವತ್ತ ಅಲ್ಲಿ ಹೋದ್ರ ನಾಳೆ ಯಾವ ಯಜಮಾನ ನಿಮ್ಮನ್ನ ಮನಿಯೊಳಗ ಕರೀತಾನ?"

"ಈಗರೇ ಎಲ್ಲಿ ಕರ್ಯಾಕತ್ಯಾರ? ಮದುವಿನೇ ಇಲ್ಲ."

"ಮತ್ತ ಜಡ್ಡು ಮನಿಗೆ ತಂದ್ರ? ಅವ್ವಗ ಶುಗರ್ ಅದ, ಬಿಪಿ ಅದ. ನನ್ನ ಸಾಲಿ ಬಂದ್ ಬಿದ್ದು, ಪಗಾರ ನಿಂತು ಎರಡು ತಿಂಗಳಾತು. ಏನಾರ ಆದ್ರ ಯಾರು ನೋಡಬೇಕು?"

ವೆಂಕಣ್ಣನವರು ಬಾಗಿಲಲ್ಲಿ ನಿಂತು ಹಿಂದೆ ತಿರುಗಿದರು. "ದೇವರ ಮುಂದ ಕುಂತು ಇಷ್ಟು ವರ್ಷ ಮಂತ್ರ ಅಂದೇನೋ. ಈಗ ಹೆಣದ ಮುಂದ ಅನ್ನು ಅಂದ್ರ ಒಲ್ಲೆ ಅಂದ್ರ, ಅಷ್ಟು ದಿನ ಅಂದದ್ದು ಯಾರ ಮುಂದ ಅಂದಂಗಾತು?"

ಭಾರ್ಗವ ತಾಯಿಯ ಮುಖ ನೋಡಿದ. ಸುಂದರಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಹೋಗಿ ಬರ್ರಿ. ಬಂದ ಮ್ಯಾಲೆ ಒಳಗ ಮಾತ್ರ ಕಾಲಿಡಬ್ಯಾಡ್ರಿ. ಹಿತ್ತಲದಾಗ ಬಿಸಿನೀರು ಇಡತೇನಿ," ಎಂದರು.

ಒಂದು ಸಲ ಹೋದವರು ಮತ್ತೆ ಮತ್ತೆ ಹೋಗಬೇಕಾಯಿತು. ಮೊದಲು ತಮ್ಮವರು, ಆಮೇಲೆ ಮರಾಠರು, ಅಕ್ಕಸಾಲಿಗರು. ಯಾರು ಫೋನು ಮಾಡಿದರೂ ವೆಂಕಣ್ಣನವರು ಜಾತಿ ಕೇಳಲಿಲ್ಲ. ದಕ್ಷಿಣೆ ಕೊಟ್ಟರೆ ತೆಗೆದುಕೊಂಡರು, ಕೊಡದಿದ್ದರೆ ಹಾಗೇ ಬಂದರು. ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಪೂಜೆಗೆ ಕರೆಯುತ್ತಿದ್ದ ಕಿರಾಣಿಯವರು, "ಸ್ವಲ್ಪ ದಿನ ಬರೂದು ಬ್ಯಾಡ್ರಿ," ಎಂದು ಹೇಳಿಕಳಿಸಿದರು. ಹಾಲಿನ ಮಡಿವಾಳೆಪ್ಪ ಮೊದಲು ಬಾಗಿಲಿಗೆ ಬಂದು ಹಾಕುತ್ತಿದ್ದವನು ಈಗ ಓಣಿಯ ತುದಿಯ ಕಲ್ಲಿನ ಮೇಲೆ ಚೀಲವಿಟ್ಟು ಹಾರ್ನ್ ಹೊಡೆದು ಹೋಗುತ್ತಿದ್ದ. ತೊವ್ವೆ ತೆಳ್ಳಗಾಯಿತು. ಪಲ್ಯ ದಿನ ಬಿಟ್ಟು ದಿನ ಆಯಿತು. ಭಾರ್ಗವ ಊಟಕ್ಕೆ ಕೂತಾಗಲೆಲ್ಲ ಹೊರಗಿನ ಕೋಣೆಗೆ ಕೇಳುವ ಹಾಗೆ ಮಾತಾಡುತ್ತಿದ್ದ.

"ಪುಣ್ಯಾ ತಿಂದು ಹೊಟ್ಟಿ ತುಂಬತದೇನವ್ವಾ?"

"ಸುಮ್ಮನ ಉಣ್ಣು," ಎನ್ನುತ್ತಿದ್ದರು ಸುಂದರಾಬಾಯಿ. "ಸಾರು ಬೇಕೇನು?"

ಇದರ ನಡುವೆ ರಾಮದುರ್ಗದಿಂದ ಶರ್ವರಿಯ ತವರಿನವರ ಫೋನು ಬಂತು. ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಇನ್ನೆರಡು ದಿನಕ್ಕೆ ಬಸ್ಸುಗಳು ಬಂದ್ ಆಗುತ್ತವೆ ಎಂಬ ಸುದ್ದಿ ಇತ್ತು. ಭಾರ್ಗವ ಖಡಾಖಂಡಿತ ಬೇಡವೆಂದ. ಶರ್ವರಿಗೆ ಮದುವೆಯಾಗಿ ಆರು ವರ್ಷ, ಮಡಿಲು ತುಂಬಿರಲಿಲ್ಲ. ಅವಳು ಎದುರಾಡದೆ ಪಾತ್ರೆ ತಿಕ್ಕಲು ಹೋದಳು. ಸುಂದರಾಬಾಯಿ ಹಿಂದಿನಿಂದ ಬಂದು, ತಮ್ಮ ಹಳೆಯ ರೇಷ್ಮೆ ಸೀರೆಯ ಅಂಚು ಹರಿದು ಕೂಸಿನ ತಲೆಗೆ ಕಟ್ಟಲು ಹೊಲಿದ ಕುಂಚಿಗೆಯೊಂದನ್ನು ಅವಳ ಕೈಯಲ್ಲಿಟ್ಟರು.

"ಹೋಗಿ ಬಾ. ಹಸಗೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡ್ರ ಛಲೋ ಆಗತದ. ಅಂವಗ ನಾ ಹೇಳತೇನಿ."

"ಸಿಟ್ಟಿಗೇಳತಾರ್ರಿ ಅತ್ಯಾ."

"ಏಳಲಿ. ನನ್ನ ಮಗಾ ಅಂವಾ, ನನಗ ಗೊತ್ತದ. ಒಂದೇ ದಿನಾ ಇದ್ದು ಬಂದುಬಿಡು."

ರಾಮದುರ್ಗದಲ್ಲಿ ತವರಿನ ಪಡಸಾಲೆಯಲ್ಲಿ ಮೂವತ್ತು ಮಂದಿ ಹೆಂಗಸರು ಒತ್ತಿಕೊಂಡು ಕೂತಿದ್ದರು. ಮುಖಕ್ಕೆ ಯಾರೂ ಏನೂ ಕಟ್ಟಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಶರ್ವರಿಯ ತೊಡೆಯ ಮೇಲೆ ಕೂಸು ಮಲಗಿತ್ತು. ಅವಳು ಅದರ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ತಿರುಗಿ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಅವಳು ಸಾರಿಗೆ ಒಗ್ಗರಣೆ ಹಾಕಿದಳು. ಇಂಗು ಹಾಕಿದರೂ ವಾಸನೆ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದಳು, ಕರ್ಪೂರ ಹಿಡಿದಳು. ಏನೂ ಇಲ್ಲ. ಗಂಟಲಲ್ಲಿ ಕೆರೆತ ಇತ್ತು. ಹೇಳಿದರೆ ಭಾರ್ಗವ ಅವಳನ್ನಷ್ಟೇ ಅಲ್ಲ, ಕಳಿಸಿದ ಅತ್ತೆಯನ್ನೂ ಬೈಯುತ್ತಾನೆ. ಇವತ್ತೊಂದು ದಿನ ನೋಡೋಣ ಎಂದುಕೊಂಡಳು. ಮಧ್ಯಾಹ್ನ ಎಂದಿನಂತೆ ಅತ್ತೆಯ ತಲೆ ಬಾಚಿ ಗಂಟು ಹಾಕಿದಳು. ಹೀಗೆ ಒಂದು ದಿನ ಹೋಗಿ ಮೂರು ದಿನವಾದವು. ಮೂರನೆಯ ದಿನ ಸಂಜೆ ಸುಂದರಾಬಾಯಿ ದೇವರಿಗೆ ದೀಪ ಹಚ್ಚಿ ಎದ್ದವರು ಗೋಡೆ ಹಿಡಿದುಕೊಂಡರು.

"ಮೈ ಬೆಚ್ಚಗಾಗ್ಯದ ನೋಡು," ಎಂದರು.

ಭಾರ್ಗವ ಹೊರಗಿನ ಕೋಣೆಯ ಬಾಗಿಲು ಬಡಿದ. "ತಂದ್ರಲ್ಲ? ಕಡೀಕ ಮನಿಗೆ ತಂದ್ರಲ್ಲ?"

ಶರ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ನೀರು ಕೇಳಿದರು. ಅವಳು ನೀರು ತರಲು ಹೋದಳು.

ಎರಡು ದಿನಕ್ಕೆ ಸುಂದರಾಬಾಯಿಗೆ ಉಸಿರು ಮೇಲೆ ಕೆಳಗೆ ಆಗತೊಡಗಿತು. ಸವದತ್ತಿಯಲ್ಲಿ ಹಾಸಿಗೆ ಸಿಗಲಿಲ್ಲ. ಬೈಲಹೊಂಗಲದಲ್ಲಿ ಒಂದು ದವಾಖಾನೆಯ ಮುಂದೆ ಆಟೋದಲ್ಲೇ ಬೆಳಿಗ್ಗೆಯಿಂದ ಕಾದರು. ಮಧ್ಯಾಹ್ನ ಒಳಗೆ ಯಾರೋ ತೀರಿಕೊಂಡರು. ಆ ಹಾಸಿಗೆ ಇವರಿಗೆ ಸಿಕ್ಕಿತು. ಒಳಗೆ ಹೋಗಲು ಯಾರನ್ನೂ ಬಿಡಲಿಲ್ಲ. ಭಾರ್ಗವನಿಗೂ ಜ್ವರ ಹತ್ತಿತ್ತು. ಗಂಡ ಹೆಂಡತಿ ಅಂಗಳದ ಬೇವಿನ ಗಿಡದ ಕೆಳಗೆ, ತಮ್ಮಂಥ ಇಪ್ಪತ್ತು ಮಂದಿಯ ನಡುವೆ ಕೂತರು. ವೆಂಕಣ್ಣನವರು ಫೋನು ಮಾಡಿ, "ನಾನೂ ಬರತೇನೋ, ಒಂದು ಸಲ ನೋಡತೇನಿ," ಎಂದರು.

"ನೀವು ಬಂದ್ರ ನಾ ಇಲ್ಲಿಂದ ಎದ್ದು ಹೋಗತೇನಿ," ಎಂದ ಭಾರ್ಗವ. ವೆಂಕಣ್ಣನವರು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನರ್ಸು ಹೊರಗೆ ಬಂದು ಸುಂದರಾಬಾಯಿಯವರ ಹೆಸರು ಕೂಗಿದಳು. ಎದ್ದು ನಿಂತ ಭಾರ್ಗವನ ಮುಖ ನೋಡಿ ತಲೆ ಅಲ್ಲಾಡಿಸಿದಳು.

ಸವದತ್ತಿಯ ಸುಡುಗಾಡಿಗೆ ಹೆಣ ತಂದಾಗ ಬಿಸಿಲು ನೆತ್ತಿಗೇರಿತ್ತು. ನೆಂಟರು ಯಾರೂ ಬರಲಿಲ್ಲ. ಹೆಂಗಸರು ಅಲ್ಲಿಗೆ ಬರುವ ರೂಢಿ ಇಲ್ಲ, ಆದರೆ ಜ್ವರದ ಭಾರ್ಗವನ ಜೊತೆ ಇರಲು ಬೇರೆ ಜನವಿಲ್ಲದೆ ಶರ್ವರಿಯೇ ನಿಂತಿದ್ದಳು. ಮಂತ್ರ ಹೇಳಿಸಲು ಭಾರ್ಗವ ಮೂರು ಕಡೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ವೆಂಕಣ್ಣನವರು ದರ್ಭೆಯ ಕಟ್ಟು ಹಿಡಿದುಕೊಂಡು ನಡೆದು ಬಂದರು.

"ನೀವು ಬ್ಯಾಡ," ಎಂದ ಭಾರ್ಗವ.

"ಮತ್ತ ಯಾರಿದ್ದಾರೋ?"

ಭಾರ್ಗವ ಸುತ್ತ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.

ಹತ್ತು ಹೆಜ್ಜೆ ದೂರ ನಿಂತು ತಂದೆ ಹೇಳಿದ್ದನ್ನು ಮಗ ಹೇಳಿದ. ಸತ್ತವರ ಗೋತ್ರ, ಹೆಸರು ಹೇಳುವ ಕಡೆ ಬಂದಾಗ ವೆಂಕಣ್ಣನವರು ನಿಂತುಬಿಟ್ಟರು. ನಲವತ್ತೆರಡು ವರ್ಷದಲ್ಲಿ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದಿಲ್ಲ. ಕೂಗುವುದಿದ್ದರೆ "ಇಲ್ನೋಡು" ಎನ್ನುತ್ತಿದ್ದರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲಿಗೇ ಬಂದು ನಿಂತರು. ಮೂರನೆಯ ಸಲ ಭಾರ್ಗವನೇ ತಾಯಿಯ ಹೆಸರು ಹೇಳಿ ಮುಂದುವರಿಸಿದ.

ಬೆಂಕಿ ಹತ್ತಿದ ಮೇಲೆ ಅವನು ತಂದೆಯ ಕಡೆ ತಿರುಗಿದ. "ಊರ ಮಂದಿಗೆಲ್ಲಾ ಮೋಕ್ಷ ಕೊಡಸ್ಲಿಕ್ಕೆ ಹೋಗಿ ಅವ್ವನ್ನ ನೀವಽ ಕೊಂದ್ರಿ. ನೆನಪಿರಲಿ."

ವೆಂಕಣ್ಣನವರು ತಲೆ ತಗ್ಗಿಸಿ ನಿಂತರು. ಶರ್ವರಿಯ ಬಾಯಿಂದ ಅಲ್ಲಿಯೂ ಮಾತು ಹೊರಡಲಿಲ್ಲ.

ಸೂತಕದ ಮನೆಯಲ್ಲಿ ದೇವರ ಪೆಟ್ಟಿಗೆ ಮುಚ್ಚಿತು. ಹತ್ತು ದಿನ ಪೂಜೆ ಇಲ್ಲ. ಸೂತಕದಲ್ಲೂ ಮನಸ್ಸಿನಲ್ಲೇ ಮಾಡಬಹುದಾದ ಸಂಧ್ಯಾವಂದನೆಯನ್ನೂ ವೆಂಕಣ್ಣನವರು ಬಿಟ್ಟುಬಿಟ್ಟರು. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಹೊಸ್ತಿಲಲ್ಲಿಟ್ಟ ಎಲೆ ಅರ್ಧ ಹಾಗೇ ಉಳಿಯುತ್ತಿತ್ತು. ಅವರ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಮೂರನೆಯ ದಿನ ಭಾರ್ಗವ ಅದನ್ನು ಆಫ್ ಮಾಡಿ ಗೋಡೆಯ ಹಲಗೆಯ ಮೇಲಿಟ್ಟ.

ಫೋನು ಹತ್ತದಿದ್ದುದರಿಂದಲೇ ಇರಬೇಕು, ಆರನೆಯ ದಿನ ಒಬ್ಬ ಹೆಣ್ಣುಮಗಳು ನೇರವಾಗಿ ಮನೆಗೆ ಬಂದಳು. ಅವಳ ಹೆಸರು ಅನ್ನಪೂರ್ಣಾ. ಬಜಾರದ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮರಾಠರ ಲಕ್ಷ್ಮಣನ ಹೆಂಡತಿ. ಅಂಗಳದಾಚೆ ನಿಂತು ಸೆರಗನ್ನು ಬಾಯಿಗೆ ಒತ್ತಿಹಿಡಿದು ಕೂಗಿದಳು.

"ಆಚಾರ್ರೇ, ನಮ್ಮ ಮನಿಯವರು ಹ್ವಾದ್ರರಿ. ಗಾಡ್ಯಾಗ ತಂದು ಸುಡುಗಾಡದಾಗ ಇಳಿಸ್ಯಾರ. ಗಂಡುಮಕ್ಕಳಿಲ್ರಿ ನಮಗ. ಒಬ್ಬಾಕಿ ಮಗಳು, ಆಕಿಗೂ ಜ್ವರಾ. ನಾಕು ಮಂತ್ರಾ ಅಂದು ಬೆಂಕಿ ಇಡಸ್ರಿ. ನಾಯಿ ಸುಟ್ಟಂಗ ಸುಡಾಕ ಮನಸ್ಸು ಒಲ್ಲದ್ರಿ."

ಒಳಗಿನಿಂದ ವೆಂಕಣ್ಣನವರ ದನಿ ಬಂತು. "ನಮಗ ಸೂತಕ ಅದವಾ. ನಾ ಬಂದು ಮಾಡಿಸಿದ್ರ ಅದು ಶಾಸ್ತ್ರಕ್ಕ ಬರೂದಿಲ್ಲ."

"ಸೂತಕಾ ನಮಗೂ ಐತಲ್ರಿ. ಸೂತಕದವರು ಸೂತಕದವರ ಕಡೆ ಬಂದ್ರ ಏನಾಕ್ಕೈತ್ರಿ?"

ಭಾರ್ಗವ ಹೊರಗೆ ಬಂದ. "ಹೋಗವಾ. ಇದನ್ನ ಮಾಡಲಿಕ್ಕೆ ಹೋಗಿನೇ ನಮ್ಮವ್ವನ್ನ ಕಳಕೊಂಡೇವಿ. ಸಾಕಾಗ್ಯದ."

ಅನ್ನಪೂರ್ಣಾ ಹೋಗಲಿಲ್ಲ. ಎದುರು ಮನೆಯ ಗೋಡೆಗೆ ಬೆನ್ನು ಕೊಟ್ಟು ಬಿಸಿಲಲ್ಲೇ ಕೂತಳು. ಅಳಲೂ ಇಲ್ಲ. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಶರ್ವರಿ ಒಂದು ತಂಬಿಗೆ ನೀರು ಒಯ್ದು ದೂರದಲ್ಲಿಟ್ಟಳು.

"ನಿಮ್ಮತ್ತಿಯವರು ಸತ್ತಿದ್ದು ಕೇಳೇನಿ ತಂಗಿ," ಎಂದಳು ಅನ್ನಪೂರ್ಣಾ. "ಮಂದಿ ಹೆಣಾ ಎತ್ತಾಕ ಹೋಗಿ ಮುದುಕರು ಹೇಣ್ತಿನ್ನ ಕಳಕೊಂಡ್ರಂತ ಊರೆಲ್ಲಾ ಅಂತೈತಿ. ಗೊತ್ತಿದ್ದೂ ಬಂದೇನಿ. ಬ್ಯಾರೆ ಎಲ್ಲಿ ಹೋಗಲಿ ಹೇಳು."

ಶರ್ವರಿ ಸರಸರ ತಿರುಗಿ ಬಂದು ಹೊರಗಿನ ಕೋಣೆಯ ಹೊಸ್ತಿಲಲ್ಲಿ ನಿಂತಳು. ಭಾರ್ಗವ ಕಟ್ಟೆಯ ಮೇಲಿದ್ದ. ಅವಳು ಅವನ ಮುಖ ನೋಡಲಿಲ್ಲ.

"ಮಾವಾ, ಜಡ್ಡು ತಂದಾಕಿ ನಾನು."

"ಏನಂದಿ?" ಎಂದ ಭಾರ್ಗವ.

"ರಾಮದುರ್ಗದಿಂದ ಬಂದ ಮ್ಯಾಲೆ ನನಗ ವಾಸನಿ ಹೋಗಿತ್ತು. ಗಂಟಲಾ ಹಿಡಿದಿತ್ತು. ಅತ್ಯಾಗ ಜ್ವರಾ ಬರೂಕಿಂತ ಮೂರು ದಿನಾ ಮೊದಲಽ ನನಗ ಬಂದಿತ್ತು. ಹೇಳಲಿಲ್ಲ. ಅವರ ತಲಿ ಬಾಚಿದೆ, ಅವರ ಮಗ್ಗಲದಾಗ ಮಲಗಿದೆ. ಮಾವಾ ಒಳಗ ಕಾಲಽ ಇಟ್ಟಿರಲಿಲ್ಲ. ನೀವು ಅವರಿಗೆ ಅಂದಿದ್ದೆಲ್ಲಾ ನನಗ ಅನ್ನಬೇಕಾಗಿತ್ತು."

ಭಾರ್ಗವ ಕಟ್ಟೆಯಿಂದ ಎದ್ದ. ಹೊಡೆಯುತ್ತಾನೆ ಎಂದೇ ಶರ್ವರಿ ತಿಳಿದಳು, ಸರಿಯಲಿಲ್ಲ. ಅವನು ಹೊಡೆಯಲಿಲ್ಲ. ಒಳಗೆ ಹೋಗಿ ಪಡಸಾಲೆಯ ಮೂಲೆಯಲ್ಲಿ, ತಾಯಿ ಅಕ್ಕಿ ಆರಿಸುತ್ತಿದ್ದ ಕಡೆ ಕುಸಿದು ಕೂತ.

ಕೋಣೆಯ ಬಾಗಿಲು ತೆರೆಯಿತು. ಆರು ದಿನದಲ್ಲಿ ವೆಂಕಣ್ಣನವರ ಕೆನ್ನೆ ಒಳಗೆ ಹೋಗಿತ್ತು. ಬಹಳ ಹೊತ್ತು ಅವರು ಸೊಸೆಯನ್ನೇ ನೋಡಿದರು.

"ನಿನ್ನಿಂದ ಬಂತೋ, ನನ್ನಿಂದ ಬಂತೋ, ಹಾಲಿನ ಚೀಲದಿಂದ ಬಂತೋ, ಯಾವಂಗ ಗೊತ್ತು?" ಎಂದರು. "ಗೊತ್ತಿದ್ದಂವಾ ಒಬ್ಬಾಂವ ಇದ್ದಾನ, ಅಂವಾ ಬಾಯಿ ಬಿಡೂದಿಲ್ಲ."

"ನಾ ಹೇಳಿದ್ರ ಅತ್ಯಾ ಉಳೀತಿದ್ರು."

"ಉಳೀತಿದ್ಲೋ ಏನೋ. ಇಲ್ಲಂತ ನಾ ಅನ್ನೂದಿಲ್ಲ. ಅಂದ್ರ ಸುಳ್ಳಾಗತದ." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನೀ ಹೇಳಿದಿ. ನಾನೂ ಹೇಳತೇನಿ ಕೇಳು. ಸೂತಕಾ ಅಂದದ್ದು ನೆವಾ. ಸೂತಕಾ ಇಲ್ಲದಿದ್ರೂ ನಾ ಹೋಗ್ತಿರಲಿಲ್ಲ. ಆ ದೇವರ ಮ್ಯಾಲೆ ಸಿಟ್ಟು ಬಂದದ ನನಗ. ಅವನ ಹೆಸರು ಬಾಯಾಗ ಬರವಲ್ದು."

ಎದುರು ಗೋಡೆಯ ನೆರಳು ಇನ್ನಷ್ಟು ಗಿಡ್ಡವಾಗಿತ್ತು. ಅನ್ನಪೂರ್ಣಾ ಕಾಲು ಸುಡುತ್ತದೆಂದು ಸೀರೆಯ ಅಂಚನ್ನು ಅಂಗಾಲಿನ ಕೆಳಗೆ ಎಳೆದುಕೊಳ್ಳುತ್ತಿದ್ದಳು. ವೆಂಕಣ್ಣನವರು ಅದನ್ನು ನೋಡಿದರು.

"ಸಿಟ್ಟು ಅವನ ಮ್ಯಾಲೆ," ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. "ಈಕಿ ಏನು ಮಾಡ್ಯಾಳ?"

ಒಳಗೆ ಹೋಗಿ ಉತ್ತರೀಯ ಹೊದ್ದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದರು. "ಎಳ್ಳು ಎಲ್ಲೆದ?" ಎಂದು ಕೇಳಿದರು. ಶರ್ವರಿ ತಂದುಕೊಟ್ಟಳು. ಭಾರ್ಗವ ಮೂಲೆಯಿಂದ ಏಳಲಿಲ್ಲ. ಮುಂದೆ ಮಾವ, ಹಿಂದೆ ದೂರದಲ್ಲಿ ಆ ಹೆಣ್ಣುಮಗಳು, ಓಣಿ ತಿರುಗಿ ಹೋಗುವವರೆಗೆ ಶರ್ವರಿ ನೋಡುತ್ತ ನಿಂತಳು. ಲಕ್ಷ್ಮಣನಿಗೆ ಅನ್ನಪೂರ್ಣಾಳ ಕೈಯಿಂದಲೇ ಬೆಂಕಿ ಇಡಿಸಿದರೆಂದು ಆಮೇಲೆ ಗೊತ್ತಾಯಿತು.

ಊರಿಗೂ ಗೊತ್ತಾಯಿತು. ಸೂತಕದಲ್ಲಿ ಕರ್ಮ ಮಾಡಿಸಿದರು, ಹೆಂಗಸಿನಿಂದ ಬೆಂಕಿ ಇಡಿಸಿದರು ಎಂದು ತಮ್ಮವರೇ ಫೋನು ಮಾಡಿ ಭಾರ್ಗವನಿಗೆ ಹೇಳಿದರು. ಹದಿಮೂರನೆಯ ದಿನದ ಊಟಕ್ಕೆ ತಾವು ಬರುವುದಿಲ್ಲ, ಮುಂದೆಯೂ ಬರುವುದಿಲ್ಲ ಎಂದರು. ಭಾರ್ಗವ "ಹೂಂ" ಎಂದು ಫೋನಿಟ್ಟ. ಶರ್ವರಿಯ ಕೂಡ ಅವನು ಮಾತು ಬಿಟ್ಟಿದ್ದ. ಅವಳು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಅವಲಕ್ಕಿ ನೆನೆಸಿ ಮೊಸರು ಕಲಸಿಕೊಂಡು ತಾನೇ ತಿನ್ನುತ್ತಿದ್ದ. ಒಮ್ಮೆ ಗೋಡೆಯ ಕಡೆ ಮುಖ ಮಾಡಿ, "ಬಸ್ ಚಾಲೂ ಆದ ಮ್ಯಾಲೆ ರಾಮದುರ್ಗಕ್ಕ ಹೋಗೂವರು ಹೋಗಬಹುದು," ಎಂದ. ಶರ್ವರಿ ಅತ್ತೆಯ ಸೀರೆಗಳನ್ನು ಒಗೆದು, ಒಣಗಿಸಿ, ಮಡಚಿಟ್ಟಳು. ತಂದೆಯ ಕೂಡಲೂ ಭಾರ್ಗವ ಮಾತಾಡಲಿಲ್ಲ. ಒಂದು ಸಲ ಮಾತ್ರ ಮಾವನ ಕೋಣೆಯ ಮುಂದೆ ಹೋಗಿ ನಿಂತಿದ್ದನ್ನು ಅವಳು ಕಂಡಳು. ಒಳಗೆ ಹೋಗದೆ ತಿರುಗಿ ಬಂದ.

ಹದಿಮೂರನೆಯ ದಿನ ಐದು ಎಲೆ ಹಾಕಿದರು. ಹೋಳಿಗೆ, ಚಿತ್ರಾನ್ನ, ಎರಡು ಪಲ್ಯ, ಕಟ್ಟಿನ ಸಾರು, ಎಲ್ಲ ಶರ್ವರಿ ಒಬ್ಬಳೇ ಮಾಡಿದ್ದಳು. ಯಾರೂ ಬರಲಿಲ್ಲ. ವೆಂಕಣ್ಣನವರು ಖಾಲಿ ಎಲೆಗಳ ಮುಂದೆ ಎರಡು ಗಂಟೆಯವರೆಗೆ ಕೂತರು. ಮಡಿವಾಳೆಪ್ಪನ ಹಾರ್ನ್ ಕೇಳಿದಾಗ ಎದ್ದರು.

"ಎಲ್ಲಾ ಡಬ್ಬಿಗೆ ತುಂಬವಾ. ದವಾಖಾನಿ ಮುಂದ ಕುಂತವರು ಉಣ್ಣಲಿ. ಆಕಿ ಇದ್ದಿದ್ರ ಅದನ್ನಽ ಮಾಡತಿದ್ಲು."

ಮಡಿವಾಳೆಪ್ಪ ಓಣಿಯ ತುದಿಯಿಂದ ಬಾಗಿಲ ತನಕ ಬಂದು, ಎರಡೂ ಕೈಯಿಂದ ಡಬ್ಬಿಗಳನ್ನು ತೆಗೆದುಕೊಂಡು ಗಾಡಿಗೆ ಕಟ್ಟಿದ. "ನಾ ಹಂಚತೇನ್ರಿ ಅವ್ವಾರ. ಡಬ್ಬಿ ಬೆಳಗಿ ತಂದುಕೊಡ್ತೇನಿ," ಎಂದ.

ಆ ಸಂಜೆ ಭಾರ್ಗವ ಹಲಗೆಯ ಮೇಲಿನ ಫೋನನ್ನು ಇಳಿಸಿ ಚಾರ್ಜಿಗೆ ಹಚ್ಚಿದ್ದು ಶರ್ವರಿಯ ಕಣ್ಣಿಗೆ ಬಿತ್ತು.

ಮರುದಿನ ಬೆಳಿಗ್ಗೆ ವೆಂಕಣ್ಣನವರು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಎಷ್ಟೋ ವಾರಗಳ ಮೇಲೆ ಒಳಗೆ ಬಂದು ದೇವರ ಪೆಟ್ಟಿಗೆ ತೆರೆದರು. ಸಾಲಿಗ್ರಾಮ ತೆಗೆದು ತಟ್ಟೆಯಲ್ಲಿಟ್ಟರು. ಆಮೇಲೆ ಕೈ ಕಟ್ಟಿ ಕೂತುಬಿಟ್ಟರು. ಹೂವಿನ ತಾಟು ಹಿಡಿದು ನಿಂತ ಶರ್ವರಿಯ ಕೈ ಸೋತಿತು. ಇವತ್ತೂ ಇಲ್ಲವೇನೋ ಎಂದು ಅವಳು ತಾಟು ಕೆಳಗಿಡುವಷ್ಟರಲ್ಲಿ ಅವರು ಶುರು ಮಾಡಿದರು. ದನಿಯಲ್ಲಿ ಮೊದಲಿನ ಇಂಪು ಇರಲಿಲ್ಲ. ಒಡೆಯನ ಕೂಡ ಜಗಳಾಡಿ ಹೋದ ಆಳು, ಜಗಳ ಮುಗಿಯದೆಯೇ ಕೆಲಸಕ್ಕೆ ಬಂದು ನಿಂತಂತಿತ್ತು. ಆದರೆ ಒಂದು ಅಕ್ಷರ ಬಿಡಲಿಲ್ಲ.

ಅಭಿಷೇಕದ ನಡುವೆ ಫೋನು ಬಡಿದುಕೊಂಡಿತು. ವೆಂಕಣ್ಣನವರು ಕಣ್ಣು ತೆರೆಯಲಿಲ್ಲ. ಪಡಸಾಲೆಯಲ್ಲಿ ಭಾರ್ಗವ ಎತ್ತಿಕೊಂಡ.

"ಹೂಂ ಹೇಳ್ರಿ. ಅವರು ಪೂಜಾಕ ಕುಂತಾರ. ನಾ ಅವರ ಮಗಾ... ಯಾವಾಗ?... ನಿಮ್ಮ ಕಡೆ ಎಷ್ಟು ಮಂದಿ ಇದ್ದೀರಿ?... ಕಟಿಗಿ ಬಂದಾವೇನು?... ಆತು. ಅರ್ಧಾ ತಾಸಿನಾಗ ಬರತೇವಿ."

ಫೋನಿಟ್ಟು ಅವನು ಅಡುಗೆಮನೆಯ ಬಾಗಿಲಿಗೆ ಬಂದ. ಶರ್ವರಿ ಒಲೆಯ ಮುಂದಿದ್ದಳು. ಎಂಟು ದಿನದಲ್ಲಿ ಮೊದಲ ಸಲ ಅವನು ಅವಳ ಮುಖ ನೋಡಿದ. ಕಣ್ಣು ಕೆಂಪಗಿದ್ದವು.

"ಅಪ್ಪಗ ಈ ಬಿಸಲಾಗ ನಡದು ಹೋಗೂದು ಆಗೂದಿಲ್ಲ. ಗಾಡಿ ಮ್ಯಾಲೆ ಕರಕೊಂಡು ಹೋಗತೇನಿ," ಎಂದ. ಆಮೇಲೆ, "ಎರಡು ಬಾಟ್ಲಿ ನೀರು ತುಂಬಿ ಕೊಡು," ಎಂದ.

ಶರ್ವರಿ ಒಲೆ ಸಣ್ಣ ಮಾಡಿ ಎದ್ದಳು.